ಹೆಸರು ಬರೆಸಿಕೊಂಡವರು, ಹೆಸರು ಅಳಿಸಿದವರು: ಆಮ್‌ಸ್ಟರ್‌ಡ್ಯಾಮ್, 1940–45

ನಮಸ್ಕಾರ. ಈಗ ನೀವು ನೋಡುತ್ತಿರುವುದು ಆಮ್‌ಸ್ಟರ್‌ಡ್ಯಾಮ್ ನಗರದ ಪ್ಲಾಂಟಾಜ್ ಬಡಾವಣೆ. ಈ ನಗರಕ್ಕೆ ಬರುವ ನಮ್ಮವರಲ್ಲಿ ಹೆಚ್ಚಿನವರು ಪ್ರಿನ್ಸೆನ್‌ಹ್ರಾಖ್ಟ್ ಕಾಲುವೆಯ ದಂಡೆಯಲ್ಲಿರುವ, ದಿನಚರಿ ಬರೆದ ಯಹೂದಿ ಬಾಲಕಿ ಆನ್ ಫ್ರಾಂಕ್ ಕುಟುಂಬದೊಂದಿಗೆ ಅಡಗಿದ್ದ ಮನೆಯನ್ನು ನೋಡಿ ಮರಳುತ್ತಾರೆ. ಆ ಮನೆಯನ್ನು ನೋಡಲೇಬೇಕು. ಆದರೆ ಆ ಕುಟುಂಬ ಏಕೆ ಅಡಗಬೇಕಾಯಿತು, ಊರಿನಲ್ಲಿ ಯಹೂದಿಗಳು ಎಲ್ಲೆಲ್ಲಿದ್ದಾರೆಂಬುದು ಜರ್ಮನ್ ಆಕ್ರಮಣಕಾರರಿಗೆ ಹೇಗೆ ತಿಳಿಯಿತು, ಆ ತಿಳಿವಳಿಕೆಯನ್ನೇ ನಾಶಮಾಡಲು ಯಾರು ಪ್ರಾಣ ಪಣಕ್ಕಿಟ್ಟರು ಎಂಬುದನ್ನು ಅರಿಯಬೇಕಾದರೆ ಈ ಬಡಾವಣೆಯಲ್ಲಿ ನಡೆಯಬೇಕು.

ಮೊದಲು ಒಂದು ಲೆಕ್ಕವನ್ನು ಹೇಳಿಬಿಡುತ್ತೇನೆ. ಯುದ್ಧ ಬಂದಾಗ ನೆದರ್‌ಲ್ಯಾಂಡ್ಸ್‌ನಲ್ಲಿ ಸುಮಾರು 1,40,000 ಯಹೂದಿಗಳಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈ ನಗರದವರು. 1945ರ ವೇಳೆಗೆ ಸುಮಾರು 1,02,000 ಜನ ಕೊಲ್ಲಲ್ಪಟ್ಟಿದ್ದರು. ಅಂದರೆ ನಾಲ್ವರಲ್ಲಿ ಮೂವರು. ಪಕ್ಕದ ಬೆಲ್ಜಿಯಂನಲ್ಲಿ ಈ ಪ್ರಮಾಣ ಅರ್ಧಕ್ಕಿಂತ ಕಡಿಮೆ, ಫ್ರಾನ್ಸ್‌ನಲ್ಲಿ ಸುಮಾರು ಕಾಲುಭಾಗ. ಯಹೂದಿಗಳು ಶತಮಾನಗಳಿಂದ ನೆಮ್ಮದಿಯಿಂದ ಬಾಳಿದ ದೇಶದಲ್ಲಿ ಹೀಗೇಕಾಯಿತು ಎಂಬ ಪ್ರಶ್ನೆಗೆ ಇತಿಹಾಸಕಾರರು ಹಲವು ಉತ್ತರಗಳನ್ನು ಕೊಡುತ್ತಾರೆ. ಇದು ಬೆಟ್ಟವಾಗಲಿ ದೊಡ್ಡ ಕಾಡಾಗಲಿ ಇಲ್ಲದ ಸಮತಟ್ಟು ನಾಡು, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಜರ್ಮನಿ. ಇಲ್ಲಿ ಆಡಳಿತ ನಡೆಸಿದವರು ಸೇನಾಧಿಕಾರಿಗಳಲ್ಲ, ನಾಜಿ ಪಕ್ಷದ ನಿಷ್ಠಾವಂತರು. ಇವೆಲ್ಲವೂ ನಿಜವಾದ ಕಾರಣಗಳೇ. ನಾನು ಈ ವಿಡಿಯೊದಲ್ಲಿ ಇವುಗಳೊಂದಿಗೆ ಸೇರುವ ಮತ್ತೊಂದು ಕಾರಣವನ್ನು ಹಿಡಿದು ನಡೆಯುತ್ತೇನೆ. ಅದು ಈ ದೇಶದ ಅಚ್ಚುಕಟ್ಟಾದ ಜನಸಂಖ್ಯಾ ನೋಂದಣಿ. ಇಲ್ಲಿಗೆ ಬಂದು ನೆಲೆಸುವ ಪ್ರತಿಯೊಬ್ಬರೂ ಮೊದಲು ನಗರಾಡಳಿತದ ಕಚೇರಿಗೆ ಹೋಗಿ ಹೆಸರು, ವಿಳಾಸ ಬರೆಸಬೇಕು; ನಾನೂ ಬರೆಸಿದ್ದೇನೆ. ಈ ಪದ್ಧತಿ ಯುದ್ಧಕ್ಕಿಂತ ಬಹಳ ಹಳೆಯದು, ಮತ್ತು ಆಗಿನ ಕಾರ್ಡುಗಳಲ್ಲಿ ಧರ್ಮವನ್ನೂ ನಮೂದಿಸುತ್ತಿದ್ದರು. ಯಾವ ಕೆಟ್ಟ ಉದ್ದೇಶವೂ ಇಲ್ಲದೆ ತುಂಬಿದ ವಿವರವದು.

ಜರ್ಮನ್ ಸೇನೆ 1940ರ ಮೇ 10ರಂದು ನುಗ್ಗಿತು. ರೊಟರ್‌ಡ್ಯಾಮ್ ನಗರದ ನಡುಭಾಗ ಬಾಂಬ್ ದಾಳಿಗೆ ಸುಟ್ಟುಹೋದ ಮೇಲೆ, ಐದೇ ದಿನಗಳಲ್ಲಿ ದೇಶ ಶರಣಾಯಿತು. ರಾಣಿ ವಿಲ್‌ಹೆಲ್ಮಿನಾ ಮತ್ತು ಸಚಿವ ಸಂಪುಟ ಲಂಡನ್ನಿಗೆ ಹೋದರು. ಕಚೇರಿಗಳಲ್ಲಿದ್ದ ಅಧಿಕಾರಿಗಳು ತಮ್ಮ ಕುರ್ಚಿಗಳಲ್ಲೇ ಉಳಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಎಲ್ಲ ಸರ್ಕಾರಿ ನೌಕರರ ಕೈಗೂ ಒಂದು ನಮೂನೆ ಬಂದಿತು: ನೀವು ಯಹೂದಿಯೋ ಅಲ್ಲವೋ, ಬರೆದು ಸಹಿ ಮಾಡಿ. ಬಹುತೇಕ ಎಲ್ಲರೂ ಸಹಿ ಮಾಡಿದರು. ಮರುತಿಂಗಳು ಯಹೂದಿ ನೌಕರರನ್ನು ಕೆಲಸದಿಂದ ತೆಗೆದರು. ಲೈಡನ್ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ರುಡಾಲ್ಫ್ ಕ್ಲೆವೆರಿಂಗಾ ಅವರು ನವೆಂಬರ್ 26ರಂದು ತುಂಬಿದ ಸಭಾಂಗಣದಲ್ಲಿ ನಿಂತು, ಕೆಲಸ ಕಳೆದುಕೊಂಡ ತಮ್ಮ ಗುರು ಎಡುವರ್ಡ್ ಮೇಯರ್ಸ್ ಅವರ ವಿದ್ವತ್ತನ್ನು ಕೊಂಡಾಡುತ್ತ ಆ ವಜಾ ಆದೇಶವನ್ನು ಖಂಡಿಸಿದರು. ವಿದ್ಯಾರ್ಥಿಗಳು ತರಗತಿ ಬಹಿಷ್ಕರಿಸಿದರು, ಕ್ಲೆವೆರಿಂಗಾ ಸೆರೆಮನೆ ಸೇರಿದರು, ವಿಶ್ವವಿದ್ಯಾಲಯಕ್ಕೆ ಬೀಗ ಬಿದ್ದಿತು.

1941ರ ಜನವರಿಯಲ್ಲಿ ಪ್ರತಿಯೊಬ್ಬ ಯಹೂದಿಯೂ ಪ್ರತ್ಯೇಕವಾಗಿ ಹೆಸರು ನೋಂದಾಯಿಸಬೇಕೆಂಬ ಆಜ್ಞೆ ಹೊರಟಿತು. ಅದಕ್ಕೆ ಒಂದು ಗಿಲ್ಡರ್ ಶುಲ್ಕವನ್ನು ಅವರೇ ಕೊಡಬೇಕಾಗಿತ್ತು. ಬರೆಸದೆ ಇದ್ದವರು ತೀರಾ ಕಡಿಮೆ. ಇದನ್ನು ಓದುವಾಗ ನಮಗೆ ಅವರು ಹೋಗಬಾರದಿತ್ತು ಎನ್ನಿಸುತ್ತದೆ. ಆದರೆ ಧರ್ಮ ಮೊದಲೇ ಸರ್ಕಾರದ ಕಾರ್ಡಿನಲ್ಲಿದ್ದಾಗ, ತಪ್ಪಿಸಿಕೊಂಡವರಿಗೆ ಸೆರೆವಾಸದ ಶಿಕ್ಷೆಯಿದ್ದಾಗ, ಆಶ್ವಿಟ್ಸ್ ಹತ್ಯಾಶಿಬಿರದ ಅನಿಲ ಕೋಣೆಗಳು ಇನ್ನೂ ಇಲ್ಲದಿದ್ದ ಆ ಕಾಲದಲ್ಲಿ, ಸರದಿಯಲ್ಲಿ ನಿಂತವರನ್ನು ದೂರುವ ಅಧಿಕಾರ ನಮಗಿಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ. ಅದೇ ವರ್ಷದ ಮೇ ತಿಂಗಳಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರಾಡಳಿತ ಜರ್ಮನ್ನರಿಗಾಗಿ ಒಂದು ನಕ್ಷೆ ತಯಾರಿಸಿಕೊಟ್ಟಿತು. ಅದರ ಮೇಲೆ ಕಪ್ಪು ಚುಕ್ಕೆಗಳು. ಒಂದೊಂದು ಚುಕ್ಕೆಗೆ ಹತ್ತು ಯಹೂದಿಗಳು.

ಆ ನಕ್ಷೆಗೆ ಮೊದಲೇ, ಫೆಬ್ರುವರಿಯಲ್ಲಿ, ಈ ನಗರ ಒಮ್ಮೆ ಎದ್ದು ನಿಂತಿತ್ತು. ಈಗ ನಾವು ಬಂದಿರುವುದು ಯೋನಾಸ್ ಡೇನಿಯಲ್ ಮೇಯರ್ ಚೌಕಕ್ಕೆ. ಹಿಂದೆ ಕಾಣುವುದು 17ನೆಯ ಶತಮಾನದ ಪೋರ್ಚುಗೀಸ್ ಯಹೂದಿಗಳ ಪ್ರಾರ್ಥನಾ ಮಂದಿರ. ಡಚ್ ನಾಜಿ ಪಕ್ಷದ ಪುಂಡರು ಯಹೂದಿ ಕೇರಿಗೆ ನುಗ್ಗಿ ಹೊಡೆಯತೊಡಗಿದಾಗ, ಕುಸ್ತಿ, ಮುಷ್ಟಿಯುದ್ಧ ಬಲ್ಲ ಯಹೂದಿ ತರುಣರು ಗುಂಪು ಕಟ್ಟಿಕೊಂಡು ತಿರುಗಿ ಹೊಡೆದರು. ಅಕ್ಕಪಕ್ಕದ ಕಾರ್ಮಿಕ ಕೇರಿಗಳ ಯಹೂದಿಯೇತರರೂ ಅವರ ಜೊತೆಗೂಡಿದರು. ಫೆಬ್ರುವರಿ 22 ಮತ್ತು 23ರಂದು ಜರ್ಮನ್ ಪೊಲೀಸರು ಸೇಡು ತೀರಿಸಿಕೊಂಡರು. ನಾಲ್ಕುನೂರಕ್ಕೂ ಹೆಚ್ಚು ಯಹೂದಿ ಯುವಕರನ್ನು ಬೀದಿಯಿಂದ ಎಳೆತಂದು ಇದೇ ಚೌಕದಲ್ಲಿ ಕುಕ್ಕರಗಾಲಿನಲ್ಲಿ ಕೂರಿಸಿದರು. ಅವರನ್ನು ಮೊದಲು ಬುಖೆನ್‌ವಾಲ್ಡ್‌ಗೆ, ಅಲ್ಲಿಂದ ಮೌಟ್‌ಹೌಸೆನ್ ಸೆರೆಶಿಬಿರದ ಕಲ್ಲುಗಣಿಗೆ ಸಾಗಿಸಿದರು. ಬದುಕಿ ಬಂದವರನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದು.

ಆಗ ಮಾತಾಡಿದವರು ರಸ್ತೆ ಕೆಲಸಗಾರ ವಿಲೆಮ್ ಕ್ರಾನ್ ಮತ್ತು ಬೀದಿ ಗುಡಿಸುವ ಪೀಟ್ ನಾಕ್. ಇಬ್ಬರೂ ಕಮ್ಯುನಿಸ್ಟರು. ಫೆಬ್ರುವರಿ 24ರ ಸಂಜೆ ನೋರ್ಡರ್ ಮಾರುಕಟ್ಟೆಯ ಬಯಲಿನಲ್ಲಿ ನಗರಪಾಲಿಕೆಯ ಕಾರ್ಮಿಕರ ಸಭೆ ಸೇರಿತು. ಮರುದಿನ ಬೆಳಿಗ್ಗೆ ಟ್ರಾಮ್‌ಗಳು ಹೊರಡಲಿಲ್ಲ. ಟ್ರಾಮ್ ನಿಂತಿತೆಂದರೆ ಊರಿಗೆಲ್ಲ ಸುದ್ದಿ ತಲುಪಿದಂತೆಯೇ. ಬಂದರಿನ ಹಮಾಲರು, ಹಡಗುಕಟ್ಟೆಯ ಕೆಲಸಗಾರರು, ಹೊಲಿಗೆ ಕಾರ್ಖಾನೆಗಳ ಹೆಂಗಸರು, ಕಚೇರಿಯ ಗುಮಾಸ್ತರು ಹೊರಬಂದರು. ಮುಷ್ಕರ ಜಾಂಡಮ್, ಹಾರ್ಲೆಮ್, ಹಿಲ್ವರ್ಸಮ್, ಯೂಟ್ರೆಕ್ಟ್‌ಗೂ ಹಬ್ಬಿತು. ತಮ್ಮ ಕೂಲಿಗಾಗಿ ಅಲ್ಲದೆ, ನೆರೆಯ ಯಹೂದಿಗಳನ್ನು ಎಳೆದೊಯ್ದರೆಂಬ ಸಿಟ್ಟಿಗೆ ಕಾರ್ಮಿಕರು ಈ ಪ್ರಮಾಣದಲ್ಲಿ ಕೆಲಸ ನಿಲ್ಲಿಸಿದ ಇನ್ನೊಂದು ಉದಾಹರಣೆ ಆಕ್ರಮಿತ ಯುರೋಪಿನಲ್ಲಿ ನನಗೆ ಗೊತ್ತಿಲ್ಲ. ಎರಡೇ ದಿನಗಳಲ್ಲಿ ಜರ್ಮನ್ನರು ಗುಂಡು ಹಾರಿಸಿ ಅದನ್ನು ಮುಗಿಸಿದರು. ಮಾರ್ಚ್ 13ರಂದು ಗುಂಡಿಕ್ಕಿ ಕೊಂದ 18 ಮಂದಿಯಲ್ಲಿ ಮೂವರು ಈ ಮುಷ್ಕರದವರು. ಚೌಕದ ನಡುವೆ ಕಾಣುವ ಬಂದರು ಕಾರ್ಮಿಕನ ಕಂಚಿನ ಪ್ರತಿಮೆ ಮಾರಿ ಆಂಡ್ರೀಸೆನ್ ಅವರದು, 1952ರಲ್ಲಿ ಅನಾವರಣಗೊಂಡಿತು.

ಮುಷ್ಕರವನ್ನು ಬಂದೂಕಿನಿಂದ ಅಡಗಿಸಿದ ಆಡಳಿತ, ಯಹೂದಿಗಳನ್ನು ಹಿಡಿಯಲು ನೆಚ್ಚಿಕೊಂಡದ್ದು ಬೇರೊಂದು ಸಾಧನವನ್ನು. ಜನಸಂಖ್ಯಾ ನೋಂದಣಿಯ ಮುಖ್ಯಸ್ಥ ಯಾಕೋಬ್ ಲೆಂಟ್ಸ್ ಎಂಬ ಡಚ್ ಅಧಿಕಾರಿ 1941ರಲ್ಲಿ ಹೊಸ ಗುರುತುಚೀಟಿಯೊಂದನ್ನು ಜಾರಿಗೆ ತಂದ. ಭಾವಚಿತ್ರ, ಬೆರಳಚ್ಚು, ವಿಶೇಷ ಕಾಗದ, ವಿಶೇಷ ಶಾಯಿ; ನಕಲು ಮಾಡುವುದು ಅತ್ಯಂತ ಕಷ್ಟ. ಜರ್ಮನಿಯ ಸ್ವಂತ ಗುರುತುಚೀಟಿಗಿಂತ ಇದೇ ಉತ್ತಮವೆಂದು ಜರ್ಮನ್ ಅಧಿಕಾರಿಗಳೇ ಒಪ್ಪಿಕೊಂಡರು. ಯಹೂದಿಗಳ ಚೀಟಿಯ ಮೇಲೆ ದೊಡ್ಡದಾಗಿ ‘ಜೆ’ ಅಕ್ಷರದ ಮೊಹರು ಬಿತ್ತು. ಲೆಂಟ್ಸ್ ನಾಜಿ ಪಕ್ಷದ ಸದಸ್ಯನಾಗಿರಲಿಲ್ಲ. ತನ್ನ ಕೆಲಸವನ್ನು ಲೋಪವಿಲ್ಲದೆ ಮಾಡುವುದೇ ಅವನ ಹೆಮ್ಮೆಯಾಗಿತ್ತು, ಆ ಹೆಮ್ಮೆಯನ್ನು ನಾನು ಅವನ ಅಪರಾಧದ ಭಾಗವೆಂದೇ ಎಣಿಸುತ್ತೇನೆ.

1942ರ ಮೇ ತಿಂಗಳಲ್ಲಿ ಹಳದಿ ನಕ್ಷತ್ರ ಕಡ್ಡಾಯವಾಯಿತು. ಜುಲೈನಿಂದ ರೈಲುಗಳು ಹೊರಟವು: ಮೊದಲು ಉತ್ತರದ ವೆಸ್ಟರ್‌ಬೊರ್ಕ್ ಶಿಬಿರಕ್ಕೆ, ಅಲ್ಲಿಂದ ಆಶ್ವಿಟ್ಸ್ ಮತ್ತು ಸೊಬಿಬೊರ್ ಹತ್ಯಾಶಿಬಿರಗಳಿಗೆ.

ಈಗ ಪ್ಲಾಂಟಾಜ್ ಮಿಡನ್‌ಲಾನ್ ರಸ್ತೆಗೆ ಬಂದಿದ್ದೇವೆ. ಬಿಳಿಯ ಮುಂಭಾಗದ ಆ ಕಟ್ಟಡ ಹಾಲಂಡ್ಸೆ ಸ್ಖೌಬುರ್ಗ್, ಆಗ ನಗರದ ಹೆಸರಾಂತ ನಾಟಕಶಾಲೆಯಾಗಿತ್ತು. 1942ರ ಬೇಸಿಗೆಯಿಂದ ಇದು ಹಿಡಿದು ತಂದ ಯಹೂದಿಗಳನ್ನು ರೈಲು ಹತ್ತಿಸುವವರೆಗೆ ಕೂಡಿಡುವ ದೊಡ್ಡಿಯಾಯಿತು. ಕುರ್ಚಿಗಳನ್ನು ತೆಗೆದ ಸಭಾಂಗಣದಲ್ಲಿ ನೂರಾರು ಜನ ಗಾಳಿ ಬೆಳಕಿಲ್ಲದೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಕಾಯಬೇಕಿತ್ತು. ಮಕ್ಕಳ ಅಳು ಕಾವಲುಗಾರರಿಗೆ ಕಿರಿಕಿರಿಯಾದ್ದರಿಂದ ಅವರನ್ನು ಎದುರುಗಡೆಯ ಶಿಶುವಿಹಾರಕ್ಕೆ ಕಳುಹಿಸಿದರು. ಅದನ್ನು ನಡೆಸುತ್ತಿದ್ದವರು ಹೆನ್ರಿಯೆಟ್ ಪಿಮೆಂಟೆಲ್ ಎಂಬ ಹಿರಿಯ ಯಹೂದಿ ಮಹಿಳೆ. ನಾಟಕಶಾಲೆಯ ಒಳಾಡಳಿತ ನೋಡಿಕೊಳ್ಳುತ್ತಿದ್ದವರು ಜರ್ಮನಿಯಿಂದ ಓಡಿಬಂದಿದ್ದ ಯಹೂದಿ ವಾಲ್ಟರ್ ಸ್ಯೂಸ್‌ಕಿಂಡ್. ಒಳಬಂದ ಪ್ರತಿಯೊಬ್ಬರಿಗೂ ಒಂದು ಕಾರ್ಡ್ ಇತ್ತು. ಸ್ಯೂಸ್‌ಕಿಂಡ್ ಮತ್ತು ಅವರ ಸಂಗಡಿಗ ಫೆಲಿಕ್ಸ್ ಹಾಲ್ವರ್‌ಸ್ಟಾಟ್ ಜರ್ಮನ್ ಅಧಿಕಾರಿಗಳೊಂದಿಗೆ ನಗುನಗುತ್ತ ಮಾತಾಡುತ್ತಲೇ ಆ ಕಾರ್ಡುಗಳನ್ನು ಕದ್ದರು, ಲೆಕ್ಕ ತಿದ್ದಿದರು. ಕಾರ್ಡ್ ಇಲ್ಲದ ಮಗುವನ್ನು ಯಾರೂ ಹುಡುಕುವುದಿಲ್ಲ.

ಆದರೆ ಅದಕ್ಕೆ ಮೊದಲು ತಂದೆತಾಯಿಯರ ಒಪ್ಪಿಗೆ ಬೇಕಾಗಿತ್ತು. ಗುರುತು ಪರಿಚಯವಿಲ್ಲದವರ ಕೈಗೆ ಕೂಸನ್ನು ಕೊಟ್ಟು, ಅದು ಎಲ್ಲಿಗೆ ಹೋಗುತ್ತದೆಂದು ಕೇಳಲೂ ಆಗದೆ ರೈಲು ಹತ್ತಬೇಕಾಗಿದ್ದ ಆ ತಾಯಂದಿರು. ಬೇಡವೆಂದವರೂ ಅನೇಕರಿದ್ದರು, ಮತ್ತು ಯಾವ ತಾಯಿ ತಾನೇ ಸುಲಭವಾಗಿ ಒಪ್ಪಿಯಾಳು? ಒಪ್ಪಿದವರ ಮಕ್ಕಳನ್ನು ಹಿತ್ತಲಿನ ಬೇಲಿಯ ಮೇಲಿಂದ ಪಕ್ಕದ ಶಿಕ್ಷಕರ ತರಬೇತಿ ಕಾಲೇಜಿಗೆ ದಾಟಿಸುತ್ತಿದ್ದರು. ಅದರ ಮುಖ್ಯಸ್ಥ ಯೋಹಾನ್ ಫಾನ್ ಹುಲ್ಸ್ಟ್ ಯಹೂದಿಯಲ್ಲ, ಪ್ರೊಟೆಸ್ಟಂಟ್ ಕ್ರೈಸ್ತರು. ಬಟ್ಟೆಯ ಬುಟ್ಟಿಗಳಲ್ಲಿ, ಬೆನ್ನುಚೀಲಗಳಲ್ಲಿ ಮಕ್ಕಳು ಹೊರಹೋದರು. ನಾಟಕಶಾಲೆಯ ಮುಂದಿನ ಕಾವಲುಗಾರರಿಗೂ ಶಿಶುವಿಹಾರದ ಬಾಗಿಲಿಗೂ ನಡುವೆ ಟ್ರಾಮ್ ಬಂದು ನಿಂತ ಕ್ಷಣದಲ್ಲಿ ಮಗುವನ್ನೆತ್ತಿಕೊಂಡು ಹೊರಟು, ಟ್ರಾಮಿನ ಮರೆಯಲ್ಲೇ ನಡೆದುಹೋಗುತ್ತಿದ್ದರು. ಯೂಟ್ರೆಕ್ಟ್ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ವಿದ್ಯಾರ್ಥಿ ಗುಂಪುಗಳು ಅವರನ್ನು ಮುಂದಕ್ಕೆ, ಉತ್ತರದ ಫ್ರೀಸ್‌ಲ್ಯಾಂಡಿಗೆ, ದಕ್ಷಿಣದ ಲಿಂಬರ್ಗ್‌ಗೆ ರೈಲಿನಲ್ಲಿ ಕರೆದೊಯ್ದವು. ಸುಮಾರು 600 ಮಕ್ಕಳು ಹೀಗೆ ಉಳಿದರು.

1943ರ ಜುಲೈನಲ್ಲಿ ಪಿಮೆಂಟೆಲ್ ಅವರನ್ನು ಹಿಡಿದೊಯ್ದರು; ಆಶ್ವಿಟ್ಸ್‌ನಲ್ಲಿ ಕೊಂದರು. ಸೆಪ್ಟೆಂಬರ್ ಕೊನೆಯಲ್ಲಿ ಶಿಶುವಿಹಾರವನ್ನೇ ಬರಿದುಮಾಡುವ ಹೊತ್ತಿಗೆ ಇನ್ನೂ ಹತ್ತಾರು ಮಕ್ಕಳು ಉಳಿದಿದ್ದರು, ಫಾನ್ ಹುಲ್ಸ್ಟ್ ಅವರಿಗೆ ಕೆಲವರನ್ನಷ್ಟೇ ಕರೆದೊಯ್ಯಲು ಸಾಧ್ಯವಿತ್ತು. ಯಾರನ್ನು ಎಂದು ಆರಿಸಬೇಕಾದ ಆ ದಿನವೇ ತಮ್ಮ ಬದುಕಿನ ಅತಿ ಕಷ್ಟದ ದಿನವೆಂದು ಅವರು ಮುಂದೆ ಹೇಳುತ್ತಿದ್ದರು. ಅವರು 2018ರಲ್ಲಿ, 107ನೆಯ ವಯಸ್ಸಿನಲ್ಲಿ ತೀರಿಕೊಂಡರು. ಸ್ಯೂಸ್‌ಕಿಂಡ್, ಅವರ ಪತ್ನಿ, ಪುಟ್ಟ ಮಗಳು, ಮೂವರೂ ಬದುಕಿ ಬರಲಿಲ್ಲ.

ನಾಟಕಶಾಲೆಯಿಂದ ಕೆಲವೇ ನಿಮಿಷ ನಡೆದರೆ ಪ್ಲಾಂಟಾಜ್ ಕೆರ್ಕ್‌ಲಾನ್ 36. ಮೃಗಾಲಯದ ಪಕ್ಕದ ಈ ಕಟ್ಟಡದಲ್ಲಿ ನಗರದ ನೋಂದಣಿ ಕಚೇರಿಯಿತ್ತು. ಶಿಲ್ಪಿ ಹೆರಿಟ್ ಫಾನ್ ಡೆರ್ ಫೇನ್ ಮತ್ತು ಅವರ ಗೆಳೆಯರು ಸಾವಿರಾರು ಸುಳ್ಳು ಗುರುತುಚೀಟಿಗಳನ್ನು ತಯಾರಿಸುತ್ತಿದ್ದರು. ಚೀಟಿ ಎಷ್ಟೇ ಚೆನ್ನಾಗಿದ್ದರೂ, ಅನುಮಾನ ಬಂದ ಪೊಲೀಸ್ ಇಲ್ಲಿನ ಮೂಲ ಕಾರ್ಡಿನೊಂದಿಗೆ ಹೋಲಿಸಿದರೆ ಗುಟ್ಟು ರಟ್ಟು. ಆದ್ದರಿಂದ ಮೂಲವನ್ನೇ ಸುಡಬೇಕೆಂದು ನಿರ್ಧರಿಸಿದರು. ಚಿತ್ರಕಾರ ವಿಲೆಮ್ ಆರೊಂಡೇಯುಸ್, ಚೆಲ್ಲೊ ವಾದಕಿ ಫ್ರೀಡಾ ಬೆಲಿನ್‌ಫಾಂಟೆ, ವಿನ್ಯಾಸಕಾರ ವಿಲೆಮ್ ಸಾಂಡ್‌ಬೆರ್ಗ್, ವಾಸ್ತುಶಿಲ್ಪಿ ಕೂನ್ ಲಿಂಪೆರ್ಗ್, ಪೊಲೀಸ್ ಸಮವಸ್ತ್ರ ಹೊಲಿದುಕೊಟ್ಟ ದರ್ಜಿ ಶೂರ್ಡ್ ಬಾಕ್ಕರ್, ಯಹೂದಿ ವಿದ್ಯಾರ್ಥಿ ರೂಡಿ ಬ್ಲೂಮ್‌ಗಾರ್ಟನ್ ಇವರೆಲ್ಲ ಈ ಯೋಜನೆಯಲ್ಲಿದ್ದರು. 1943ರ ಮಾರ್ಚ್ 27ರ ರಾತ್ರಿ ಪೊಲೀಸರ ವೇಷದಲ್ಲಿ ಒಳಹೊಕ್ಕರು. ಕಾವಲುಗಾರರನ್ನು ಕೊಲ್ಲಲಿಲ್ಲ, ವೈದ್ಯಕೀಯ ವಿದ್ಯಾರ್ಥಿಗಳು ಚುಚ್ಚುಮದ್ದು ಕೊಟ್ಟು ಮಲಗಿಸಿದ ಮೇಲೆ ಮೃಗಾಲಯದ ತೋಟಕ್ಕೆ ಸಾಗಿಸಿದರು. ಒತ್ತಾಗಿ ಜೋಡಿಸಿದ ಕಾರ್ಡು ಉರಿಯುವುದಿಲ್ಲವೆಂದು ಡ್ರಾಯರುಗಳನ್ನು ಎಳೆದು ನೆಲಕ್ಕೆ ಸುರಿದು, ಬೆಂಕಿ ಹಿಡಿಯುವ ದ್ರವ ಚೆಲ್ಲಿ ಸ್ಫೋಟಿಸಿದರು. ಬಂದ ಅಗ್ನಿಶಾಮಕ ಸಿಬ್ಬಂದಿ ಬೇಕೆಂದೇ ನಿಧಾನ ಮಾಡಿದರು, ಉರಿಯದೆ ಉಳಿದ ಕಾಗದದ ಮೇಲೆ ಅಗತ್ಯಕ್ಕಿಂತ ಹೆಚ್ಚು ನೀರು ಹೊಡೆದರು.

ನಾಶವಾದದ್ದು ಕಾರ್ಡುಗಳ ಸಣ್ಣ ಪಾಲು, ಶೇಕಡಾ 15ರಷ್ಟು. ಅಷ್ಟರೊಳಗೆ ಹತ್ತಾರು ಸಾವಿರ ಯಹೂದಿಗಳು ರೈಲಿನಲ್ಲಿ ಹೋಗಿಯೂ ಆಗಿತ್ತು. ಆದರೂ ಅಡಗಿದ್ದವರಿಗೆ, ಸುಳ್ಳು ಹೆಸರಿನಲ್ಲಿ ಓಡಾಡುತ್ತಿದ್ದವರಿಗೆ ಆ ಗೊಂದಲ ಆಸರೆಯಾಯಿತು. ಕೆಲವೇ ದಿನಗಳಲ್ಲಿ ಯಾರದೋ ದ್ರೋಹದಿಂದ ತಂಡ ಸಿಕ್ಕಿಬಿತ್ತು. ಜುಲೈ 1ರಂದು 12 ಮಂದಿಯನ್ನು ಸಮುದ್ರತೀರದ ಮರಳುದಿಬ್ಬಗಳಲ್ಲಿ ಗುಂಡಿಕ್ಕಿ ಕೊಂದರು. ಸಲಿಂಗಪ್ರೇಮಿಗಳು ಹೇಡಿಗಳಲ್ಲವೆಂದು ಜನರಿಗೆ ತಿಳಿಸಿ ಎಂದು ಆರೊಂಡೇಯುಸ್ ಸಾಯುವ ಮುನ್ನ ತಮ್ಮ ಗೆಳತಿಯಾದ ವಕೀಲೆಗೆ ಹೇಳಿಕಳುಹಿಸಿದ್ದರು. ದಶಕಗಳ ಕಾಲ ಈ ದೇಶ ಅದನ್ನು ಹೇಳಲಿಲ್ಲ, ಮತ್ತು ದಾಳಿಯ ಕತೆಯಲ್ಲಿ ಅವರ ಹೆಸರು ಹಿಂದೆ ಸರಿದಿತ್ತು. ಫಾನ್ ಡೆರ್ ಫೇನ್ ಅವರನ್ನು 1944ರ ಜೂನ್‌ನಲ್ಲಿ ಕೊಂದರು. ಬೆಲಿನ್‌ಫಾಂಟೆ ಗಂಡುವೇಷದಲ್ಲಿ ಅಡಗಿದ್ದು, ಸ್ವಿಟ್ಜರ್‌ಲ್ಯಾಂಡಿಗೆ ದಾಟಿ ಬದುಕಿಕೊಂಡರು.

ಗುರುತುಚೀಟಿಗಳ ಕೇಂದ್ರ ದಾಖಲೆ ಹೇಗ್ ನಗರದ ಕ್ಲೇಕಾಂಪ್ ಭವನದಲ್ಲಿತ್ತು. ಪ್ರತಿರೋಧ ಚಳವಳಿಯ ಕೋರಿಕೆಯ ಮೇರೆಗೆ ಬ್ರಿಟಿಷ್ ವಿಮಾನಗಳು 1944ರ ಏಪ್ರಿಲ್ 11ರಂದು, ಕೆಲಸದ ವೇಳೆಯಲ್ಲೇ, ಅದರ ಮೇಲೆ ಬಾಂಬ್ ಹಾಕಿದವು. ಅನೇಕ ಕಾರ್ಡುಗಳು ಸುಟ್ಟವು, ಒಳಗಿದ್ದ ಸುಮಾರು 60 ನೌಕರರೂ ಸತ್ತರು. ಈ ಸಾವುಗಳನ್ನು ಬದಿಗಿಟ್ಟು ಪ್ರತಿರೋಧವನ್ನು ಹೊಗಳುವುದು ನನಗೆ ಸರಿಕಾಣುವುದಿಲ್ಲ.

ಯುದ್ಧ ಮುಗಿದ ಮೇಲೆ ಲೆಂಟ್ಸ್‌ಗೆ ಮೂರು ವರ್ಷಗಳ ಸೆರೆವಾಸ ವಿಧಿಸಿದರು. ಬದುಕಿ ಮರಳಿದ ಯಹೂದಿಗಳನ್ನು ಇದೇ ನಗರದಲ್ಲಿ ಕಾದಿದ್ದದ್ದು ಮತ್ತೆ ಕಾಗದವೇ. ಅವರು ಶಿಬಿರದಲ್ಲೋ ಅಡಗುತಾಣದಲ್ಲೋ ಇದ್ದಾಗ, ಅವರ ಮನೆಗಳಲ್ಲಿ ಬೇರೆಯವರು ವಾಸವಿದ್ದ ವರ್ಷಗಳಿಗೂ, ಮನೆಯ ನೆಲಬಾಡಿಗೆ ಬಾಕಿಯಿದೆಯೆಂದು ನಗರಾಡಳಿತ ಬಿಲ್ಲು ಕಳುಹಿಸಿತು, ತಡವಾದದ್ದಕ್ಕೆ ದಂಡವನ್ನೂ ಸೇರಿಸಿತು. ಲೆಕ್ಕದ ಪುಸ್ತಕದ ಪ್ರಕಾರ ಬಾಕಿ ಇದ್ದದ್ದು ನಿಜ. ಆ ಹಣವನ್ನು ಹಿಂತಿರುಗಿಸಬೇಕೆಂಬ ತೀರ್ಮಾನಕ್ಕೆ ನಗರ ಬಂದದ್ದು 2016ರಲ್ಲಿ. ಒಂದು ಕೋಟಿ ಯೂರೊವನ್ನು ಆಗ ಯಹೂದಿ ಸಮುದಾಯಕ್ಕೆ ಮೀಸಲಿಟ್ಟರು. ಬಿಲ್ಲು ಪಾವತಿಸಿದವರಲ್ಲಿ ಹೆಚ್ಚಿನವರು ಅಷ್ಟರಲ್ಲಿ ತೀರಿಕೊಂಡಿದ್ದರು.