ತೊಟ್ಟೆಯೊಳಗಿನ ಹನ್ನೊಂದು ಲಕೋಟೆಗಳು

ಶ್ರೋತೃಗಳಿಗೆ ನಮಸ್ಕಾರ.

ಕೆಲವು ಮಳೆಗಾಲಗಳ ಹಿಂದೆ, ಆಗಸ್ಟ್ ಮೊದಲ ವಾರದಲ್ಲಿ, ಮಲ್ಪೆ ಕಡೆಯ ಗಂಡ ಹೆಂಡತಿ ಉಡುಪಿಯ ನನ್ನ ಕಚೇರಿಗೆ ಬಂದರು. ಗಂಡನ ಕೈಯಲ್ಲಿ ಜವಳಿ ಅಂಗಡಿಯ ತೊಟ್ಟೆ. ಅದರೊಳಗೆ ಹನ್ನೊಂದು ಲಕೋಟೆಗಳು. ಎಂಟನ್ನು ಒಡೆದೇ ಇರಲಿಲ್ಲ. "ಒಡೆದರೆ ಏನಿರುತ್ತದೆ ವಕೀಲರೇ, ಹಣ ಕಟ್ಟು ಎಂದಲ್ಲವೇ?" ಎಂದರು.

ಒಡೆಯದ ಲಕೋಟೆಗಳಲ್ಲೊಂದು, ಅವರ ಮನೆಯನ್ನು ಅಡವಿಟ್ಟುಕೊಂಡಿದ್ದ ಬ್ಯಾಂಕು, ಅಡವಿನ ಆಸ್ತಿಯನ್ನು ನ್ಯಾಯಾಲಯದ ದಾವೆಯಿಲ್ಲದೆಯೇ ವಶಕ್ಕೆ ತೆಗೆದುಕೊಳ್ಳಲು ಬಿಡುವ 2002ರ ಸರ್ಫೇಸಿ ಕಾಯ್ದೆಯಂತೆ ಕಳುಹಿಸಿದ 60 ದಿನಗಳ ನೋಟಿಸ್. ಜೂನ್ ಆರಂಭದಲ್ಲಿ ಬಂದದ್ದು. ಮೀನುಗಾರಿಕೆ ನಿಷೇಧದ 61 ದಿನ ಅವರ ಬೋಟು ದಕ್ಕೆಯಲ್ಲಿ ಕಟ್ಟಿಕೊಂಡಿದ್ದರೆ, ಇತ್ತ ಕಪಾಟಿನೊಳಗೆ ಗಡುವು ಸದ್ದಿಲ್ಲದೆ ಕಳೆದುಹೋಗಿತ್ತು. ಆ ಅವಧಿಯಲ್ಲಿ ಲಿಖಿತ ಆಕ್ಷೇಪಣೆ ಕೊಟ್ಟಿದ್ದರೆ ಬ್ಯಾಂಕು 15 ದಿನಗಳೊಳಗೆ ಕಾರಣಸಹಿತ ಉತ್ತರ ಕೊಡಲೇಬೇಕಿತ್ತು. ಇನ್ನು ಉಳಿದದ್ದು, ಬ್ಯಾಂಕು ಮನೆಯನ್ನು ವಶಕ್ಕೆ ತೆಗೆದುಕೊಂಡರೆ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗುವ ದಾರಿ. ಅದಕ್ಕೆ ಬೆಂಗಳೂರಿನ ಬಸ್ಸು ಹತ್ತಬೇಕು.

"ಹಾಗಾದರೆ ಪಾಪರ್ ಅರ್ಜಿ ಹಾಕಿಬಿಡಿ, ಎಲ್ಲ ಮುಗಿಯಲಿ" ಎಂದರು ಅವರು.

ಈ 'ಪಾಪರ್' ಎಂಬ ಮಾತು ನಮ್ಮ ಊರುಗಳಲ್ಲಿ ಎಷ್ಟು ಸಲೀಸಾಗಿ ಓಡಾಡುತ್ತದೆ! ಕಾನೂನಿನಲ್ಲಿ ಪಾಪರ್ ಎಂದರೆ ನ್ಯಾಯಾಲಯದ ಶುಲ್ಕ ಕಟ್ಟುವುದಕ್ಕೂ ಗತಿಯಿಲ್ಲದವನು. ಸಾಲ ತೀರಿಸಲಾಗದವನೆಂದು ನ್ಯಾಯಾಲಯವೇ ಘೋಷಿಸುವ ದಿವಾಳಿ ಬೇರೆಯೇ ಸಂಗತಿ. 2016ರ ದಿವಾಳಿ ಸಂಹಿತೆಯ ಬಗ್ಗೆ ಪತ್ರಿಕೆಗಳಲ್ಲಿ ಓದಿರುತ್ತೀರಿ. ಆದರೆ ಅದರಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗ 2019ರ ಡಿಸೆಂಬರ್ 1ರಂದು ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಬೋಟಿನವರು, ಅಂಗಡಿಯವರು, ಸಂಬಳದವರು ಈಗಲೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯನ್ನೇ ನೆಚ್ಚಬೇಕು. ಐನೂರು ರೂಪಾಯಿ ಸಾಲ ತೀರಿಸಲಾಗದಿದ್ದರೂ ಅರ್ಜಿ ಹಾಕಬಹುದು ಎಂದಿದೆ ಆ ಮೂಲ ಕಾಯ್ದೆ. ಇವತ್ತು ಒಂದು ಒಳ್ಳೆಯ ಅಂಜಲ್ ಮೀನಿಗೂ ಆ ಹಣ ಸಾಲದು.

ದಿವಾಳಿ ಎಂದು ಘೋಷಣೆಯಾದ ಮೇಲೆ ಆಸ್ತಿಯೆಲ್ಲ ನ್ಯಾಯಾಲಯದ ಅಥವಾ ಆಸ್ತಿ ನೋಡಿಕೊಳ್ಳಲು ಅದು ನೇಮಿಸಿದ ರಿಸೀವರ್ ಕೈಗೆ ಹೋಗುತ್ತದೆ. ಕೈಸಾಲ ಕೊಟ್ಟವರು ಅನುಮತಿಯಿಲ್ಲದೆ ನಿಮ್ಮ ಮೇಲೆ ಹೊಸ ದಾವೆ ಹೂಡುವಂತಿಲ್ಲ. ಆದರೆ ಮನೆಯನ್ನು ಅಡವಿಟ್ಟುಕೊಂಡ ಬ್ಯಾಂಕಿನ ಕೈಯನ್ನು ಅದು ಕಟ್ಟಿಹಾಕುವುದಿಲ್ಲ. ಈ ಗಂಡ ಹೆಂಡತಿಯ ತಲೆನೋವೇ ಆ ಬ್ಯಾಂಕು! ಸರ್ಕಾರಕ್ಕೆ ಕೊಡಬೇಕಾದ ಬಾಕಿ, ವಂಚನೆಯಿಂದ ಮಾಡಿದ ಸಾಲ, ಹೆಂಡತಿ ಮಕ್ಕಳ ಜೀವನಾಂಶ ಕೂಡ, ನ್ಯಾಯಾಲಯದಿಂದ ಸಾಲಗಳ ವಿಮೋಚನೆ ಸಿಕ್ಕ ಮೇಲೂ ಉಳಿಯುತ್ತವೆ. ಸಾಲಗಾರನಿಗೆ ವಿಮೋಚನೆ ಸಿಕ್ಕರೂ ಅವನಿಗೆ ಜಾಮೀನು ನಿಂತವನಿಗಂತೂ ಬಿಡುಗಡೆಯೇ ಇಲ್ಲ. ಸೊಸೈಟಿಯಲ್ಲಿ ಗೆಳೆಯನ ಪಕ್ಕ ಕುಳಿತು, ಚಹಾ ಕುಡಿದು, ತೋರಿಸಿದಲ್ಲಿ ಸಹಿ ಹಾಕಿ ಬಂದವರು ಇದನ್ನು ಗಮನಿಸಿ.

ಖಾತ್ರಿಗೆಂದು ಕೊಟ್ಟ ಖಾಲಿ ಚೆಕ್ಕಿನದು ಇನ್ನೊಂದು ಕಥೆ. ಅದು ಮರಳಿದರೆ ನೋಟಿಸ್ ಬರುತ್ತದೆ, ಕೈಸೇರಿದ 15 ದಿನಗಳಲ್ಲಿ ಹಣ ಕಟ್ಟದಿದ್ದರೆ ಕ್ರಿಮಿನಲ್ ಮೊಕದ್ದಮೆ. ಅದು ದಿವಾಳಿ ಅರ್ಜಿಯಿಂದ ತನ್ನಷ್ಟಕ್ಕೆ ಕರಗುವುದಿಲ್ಲ.

ಅಷ್ಟು ಹೊತ್ತೂ ಸುಮ್ಮನಿದ್ದ ಹೆಂಡತಿ ಕುತ್ತಿಗೆಗೆ ಕೈಹಾಕಿ ಕೇಳಿದರು: "ಇದನ್ನೂ ಬಿಚ್ಚಿಸುತ್ತಾರಾ?" ಕರಿಮಣಿ. ಬಿಚ್ಚಿಸುವಂತಿಲ್ಲ. ಧಾರ್ಮಿಕ ಆಚಾರದಂತೆ ಹೆಣ್ಣು ಬಿಟ್ಟುಕೊಡಲಾಗದ ಆಭರಣ, ಉಡುವ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಹತಾರ ಇವನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಜಪ್ತಿಯಿಂದ ಹೊರಗಿಟ್ಟಿದೆ. ಹಣ ಕೊಡಬೇಕೆಂಬ ನ್ಯಾಯಾಲಯದ ತೀರ್ಪಿಗಾಗಿ, ಅಂದರೆ ಡಿಕ್ರಿಗಾಗಿ, ಹೆಂಗಸರನ್ನು ಬಂಧಿಸುವಂತೆಯೂ ಇಲ್ಲ. ಗಂಡಸರ ವಿಷಯದಲ್ಲಿ 1980ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ: ಇದ್ದೂ ಕೊಡದೆ ವಂಚಿಸುವವನು ಬೇರೆ, ಕೈಯಲ್ಲಿಲ್ಲದ ಬಡವ ಬೇರೆ. ಬಡತನಕ್ಕಾಗಿ ಜೈಲಿಲ್ಲ.

ಇಷ್ಟು ಕೇಳಿದ ಮೇಲೆ ಗಂಡ ಮೆಲ್ಲಗೆ ಬಾಯಿಬಿಟ್ಟರು. ತೆಂಗಿನ ತೋಟವನ್ನು ಒಂದು ವರ್ಷದ ಹಿಂದೆ ತಮ್ಮನ ಹೆಸರಿಗೆ ದಾನಪತ್ರ ಮಾಡಿಕೊಟ್ಟಿದ್ದರಂತೆ. "ಬಚಾವಾಗಲಿ ಅಂತ." ಬಚಾವಾಗುವುದಿಲ್ಲ. ಹೀಗೆ ಬಿಟ್ಟಿ ವರ್ಗಾಯಿಸಿದ ಎರಡು ವರ್ಷಗಳೊಳಗೆ ದಿವಾಳಿ ಅರ್ಜಿ ಬಿದ್ದು ಘೋಷಣೆಯಾದರೆ ಅದು ರದ್ದಾಗಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ಪ್ರಾಮಾಣಿಕವಾಗಿ ಸೋತವನೂ ನ್ಯಾಯಾಧೀಶರ ಕಣ್ಣಿಗೆ ಮುಚ್ಚಿಟ್ಟವನಾಗಿ ಕಾಣುತ್ತಾನೆ. ನೋಂದಣಿ ಕಚೇರಿಗೆ ಹೋಗುವ ಮುಂಚೆ ನನ್ನ ಬಳಿ ಬಂದಿದ್ದರೆ ಬೇಡ ಎನ್ನುತ್ತಿದ್ದೆ.

ಒಂದೆರಡು ಕಂತು ತಪ್ಪಿದ್ದಕ್ಕೆ ವಕೀಲರ ಮೆಟ್ಟಿಲು ಹತ್ತಬೇಕಾಗಿಲ್ಲ. ಮ್ಯಾನೇಜರ ಎದುರು ಕುಳಿತು ಮಾತಾಡಿ. ಕಂತು ತಪ್ಪಿ 90 ದಿನ ಮೀರಿದರೆ ಸಾಲ ಅನುತ್ಪಾದಕ ಎಂದಾಗುತ್ತದೆ, ಅದರೊಳಗೇ ಹೋಗಿ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ ನಿಯಮವಿದೆ. ಅದನ್ನು ಹೇಳುವುದಕ್ಕೂ ವಕೀಲರು ಬೇಡ. ಆದರೆ ನೋಟಿಸ್, ಸಮನ್ಸ್, ಜಪ್ತಿ ಇವುಗಳಲ್ಲಿ ಯಾವುದು ಬಂದರೂ ಮರುದಿನವೇ ಬನ್ನಿ. ಶುಲ್ಕದ ಚಿಂತೆಯಿದ್ದರೆ ಉಡುಪಿ, ಮಂಗಳೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳಿವೆ. ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಉಚಿತ ನೆರವುಂಟು. ಸಹಾಯವಾಣಿ 15100.

1928ರಲ್ಲಿ ಉಡುಪಿಯಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಎಂಬ ದಿನದಿನದ ಉಳಿತಾಯ ಶುರುವಾಯಿತು. ಉಳಿಸಿದ್ದನ್ನು ಪುಸ್ತಕದಲ್ಲಿ ಬರೆಸುವುದು ನಮಗೆ ಅಭ್ಯಾಸ. ಕೊಡಬೇಕಾದ್ದನ್ನು ಬರೆಯುವುದಕ್ಕೆ ಮಾತ್ರ ಕೈ ಬರುವುದಿಲ್ಲ. ಆ ದಿನ ನಾನು ಅವರ ಮುಂದೆ ಒಂದು ಬಿಳಿ ಹಾಳೆ ಇಟ್ಟೆ. ದಿವಾಳಿ ಕಾಯ್ದೆಗೂ ಅದೇ ಬೇಕು, ಒಂದೂ ಬಿಡದ ಸಾಲದ ಪಟ್ಟಿ. ಬ್ಯಾಂಕು, ಸೊಸೈಟಿ, ಡೀಸೆಲ್ ಬಂಕು, ಐಸ್ ಪ್ಲಾಂಟು, ಚೀಟಿ ಎಂದು ಒಂಬತ್ತು ಹೆಸರು ಬರೆದು ಅವರು ಪೆನ್ನು ಕೆಳಗಿಟ್ಟರು. ಹೆಂಡತಿ ಹಾಳೆಯನ್ನು ತಮ್ಮತ್ತ ತಿರುಗಿಸಿಕೊಂಡು ಓದಿದರು.

"ನನ್ನ ಅಣ್ಣನ ಐವತ್ತು ಸಾವಿರ ಬರೆದಿಲ್ಲವಲ್ಲ" ಎಂದರು.

ಅವರು ಹೆಂಡತಿಯ ಮುಖ ನೋಡಿದರು. ಮತ್ತೆ ಪೆನ್ನು ಎತ್ತಿಕೊಂಡರು.

ನಮಸ್ಕಾರ.