ಗಾಜಿನ ಬಟ್ಟಲಲ್ಲಿ ಒಂಟಿ ಜೀಬ್ರಾ ಮೀನು ಬೇಡ

ಕೇಳುಗರೇ, ನಮಸ್ಕಾರ. ಹುಬ್ಬಳ್ಳಿಯಲ್ಲಿ ಅಕ್ವೇರಿಯಂ ಅಂಗಡಿಗೆ ಹೋದರೆ ಒಂದು ಕ್ಷಣವೂ ನಿಲ್ಲದೆ ಓಡಾಡೋ ಸಣ್ಣ ಪಟ್ಟೆ ಮೀನು ಕಾಣುತ್ತದೆ, ನೀಲಿ ಗೆರೆ ಬಾಲದ ತುದಿವರೆಗೂ ಹೋಗಿರುತ್ತದೆ. ಅದೇ ಜೀಬ್ರಾ ಮೀನು. ಅಗ್ಗ, ಗಟ್ಟಿ ಜೀವ ಅಂತ ಒಂದೇ ಒಂದನ್ನು ತಂದು ಗಾಜಿನ ಬಟ್ಟಲಿಗೆ ಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಇದು ನಮ್ಮ ದೇಶದ್ದೇ ಮೀನು. ಗಂಗಾ ನದಿಯ ಮೀನುಗಳ ಬಗ್ಗೆ ಬರೆದ ಫ್ರಾನ್ಸಿಸ್ ಹ್ಯಾಮಿಲ್ಟನ್ 1822ರಲ್ಲಿ ಇದಕ್ಕೆ ಹೆಸರಿಟ್ಟರು. ನಿಧಾನಕ್ಕೆ ಹರಿಯೋ ಹಳ್ಳ, ಭತ್ತದ ಗದ್ದೆ ಪಕ್ಕದ ನೀರು, ಅಲ್ಲೆಲ್ಲ ಗುಂಪುಗುಂಪಾಗಿ ಇರುತ್ತದೆ. ಬೆಳೆದರೂ ನಾಲ್ಕು ಸೆಂಟಿಮೀಟರ್ ಆಸುಪಾಸು, ಆದರೆ ಹೃದಯದ ಒಂದು ತುಂಡು ಕತ್ತರಿಸಿದರೂ ಅದು ಮತ್ತೆ ಬೆಳೆಯುತ್ತದೆ ಅಂತ 2002ರಲ್ಲಿ ವಿಜ್ಞಾನಿಗಳು ತೋರಿಸಿದರು! ಇಂಥ ಜೀವವನ್ನು ಒಂಟಿಯಾಗಿ ಇಡೋದು ನನಗಂತೂ ಸರಿ ಕಾಣೋದಿಲ್ಲ.

ಕನಿಷ್ಠ ಆರು ಇರಲಿ. ಎರಡೇ ಇದ್ದರೆ ಜೋರಿನದು ಇನ್ನೊಂದನ್ನು ಅಟ್ಟಾಡಿಸಿ ಸುಸ್ತು ಮಾಡುತ್ತದೆ. ತೊಟ್ಟಿ ಎತ್ತರಕ್ಕಿಂತ ಉದ್ದ ಇರಬೇಕು, ಎರಡು ಅಡಿಯದಾದರೆ ಒಳ್ಳೇದು. ಮುಚ್ಚಳ ಬೇಕೇ ಬೇಕು, ಚಂಗನೆ ಜಿಗಿದು ಹೊರಗೆ ಬೀಳುತ್ತವೆ. ಹೀಟರ್ ಚಿಂತೆ ಬೇಡ, ಧಾರವಾಡದ ಚಳಿ ಇದಕ್ಕೆ ಏನೂ ಅಲ್ಲ.

ಇನ್ನು ನೀರು. ನಮ್ಮ ಅವಳಿ ನಗರದಲ್ಲಿ ನಲ್ಲಿ ಬಂದ ದಿನ ಎಲ್ಲ ತುಂಬಿಟ್ಟುಕೊಳ್ಳೋದು ರೂಢಿ ಅಲ್ವಾ, ಅದೇ ಭರದಲ್ಲಿ ಮೀನಿನ ತೊಟ್ಟಿಗೂ ನೇರ ಪೈಪ್ ಹಿಡಿಯಬೇಡಿ. ಕ್ಲೋರಿನ್ ಕಿವಿರನ್ನು ಸುಡುತ್ತದೆ. ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟು ಹಾಕಿ, ವಾರಕ್ಕೊಮ್ಮೆ ಕಾಲು ಭಾಗ ಬದಲಿಸಿದರೆ ಸಾಕು. ಫಿಲ್ಟರ್‌ನ ಸ್ಪಂಜನ್ನೂ ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡಿ, ಮೀನಿನ ಹೊಲಸಿನಿಂದ ಹುಟ್ಟೋ ಅಮೋನಿಯಾ ಅನ್ನೋ ವಿಷವನ್ನು ಇಲ್ಲವಾಗಿಸೋ ಒಳ್ಳೆ ಬ್ಯಾಕ್ಟೀರಿಯಾ ಅದರಲ್ಲೇ ಇರೋದು.

ಮರಿ ಮಾಡಿಸೋ ಆಸೆ ಇದ್ದರೆ ಬೇರೆ ತೊಟ್ಟಿಯ ತಳದಲ್ಲಿ ಮಕ್ಕಳ ಗೋಲಿ ಹರಡಿ. ಹೊಟ್ಟೆ ದಪ್ಪ ಇರೋದು ಹೆಣ್ಣು, ಸಪೂರ, ಹೊನ್ನಿನ ಛಾಯೆ ಇರೋದು ಗಂಡು. ರಾತ್ರಿ ಇವನ್ನು ಆ ತೊಟ್ಟಿಗೆ ಹಾಕಿದರೆ ಬೆಳಕು ಹರಿಯುವಾಗ ಮೊಟ್ಟೆ ಉದುರಿಸುತ್ತವೆ. ಆ ಮೊಟ್ಟೆ ಗೋಲಿಗಳ ಸಂದಿಗೆ ಇಳಿಯುತ್ತವೆ, ಇಲ್ಲದಿದ್ದರೆ ತಂದೆತಾಯಿಯೇ ತಿಂದುಬಿಡುತ್ತವೆ. ಆಮೇಲೆ ದೊಡ್ಡ ಮೀನು ತೆಗೆದುಬಿಡಿ. ಎರಡು ಮೂರು ದಿನಕ್ಕೆ ಮರಿ ಹೊರಬರುತ್ತದೆ. ಕೂದಲೆಳೆಯಂಥ ಮೈ, ಗಾಜಿನಷ್ಟು ಪಾರದರ್ಶಕ, ಭೂತಗನ್ನಡಿ ಹಿಡಿದರೆ ಹೃದಯ ಬಡಿಯೋದೂ ಕಾಣುತ್ತದೆ. ಮೊದಲು ಗಾಜಿಗೆ ಅಂಟಿಕೊಂಡೇ ಇರುತ್ತವೆ, ಆಗ ಊಟ ಹಾಕಬೇಡಿ. ಈಜೋಕೆ ಶುರು ಮಾಡಿದ ಮೇಲೆ ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಒಂದೆರಡು ಹನಿ ಕೊಡಿ. ಜಾಸ್ತಿ ಹಾಕಿದರೆ ನೀರು ಕೆಟ್ಟು ಮರಿಗಳೆಲ್ಲ ಹೋಗಿಬಿಡುತ್ತವೆ.