ಒಂದು ಕಿಲೋ ಸಕ್ಕರೆ ಎಷ್ಟು ಶೆಕೆಲ್? ತಕ್ಕಡಿ ಇಟ್ಕೊಂಡು ನೋಡೋಣ

ಹಾಂ, ರೆಕಾರ್ಡ್ ಆಗ್ತಿದೆ. ನಮಸ್ಕಾರ, ಬನ್ನಿ. ಟೇಬಲ್ ಮೇಲೆ ಏನೇನಿದೆ ಅಂತ ಕಾಣ್ತಿದೆಯಲ್ಲ, ಒಂದೊಂದಾಗಿ ಹೇಳಲ್ಲ. ಕೆಲಸ ಇಷ್ಟೇ: ಇವನ್ನೆಲ್ಲ ಹಳೇ ಯೆಹೂದ ರಾಜ್ಯದ ತೂಕಕ್ಕೆ ಇಳಿಸೋದು. ಕ್ರಿ.ಪೂ. 8-7ನೇ ಶತಮಾನದಲ್ಲಿ ಜೆರುಸಲೇಮ್, ಲಾಕೀಷ್ ಕಡೆ ನಡೀತಿದ್ದ ತೂಕ.

ಒಂದು ಸಂಖ್ಯೆ ಬರ್ಕೊಳ್ಳಿ, 11.33. ಒಂದು ಶೆಕೆಲ್‌ಗೆ ಇಷ್ಟು ಗ್ರಾಂ. ಅಗೆತದಲ್ಲಿ ಸಿಕ್ಕ ಸುಣ್ಣಕಲ್ಲಿನ ತೂಕದ ಕಲ್ಲುಗಳಿಂದ ತೆಗೆದ ಸರಾಸರಿ ಇದು. ಗ್ರಾಂ ಎಷ್ಟಿದೆಯೋ ಅದನ್ನ 11.33ರಿಂದ ಭಾಗಿಸಿ, ಮುಗೀತು. ಸಕ್ಕರೆ ಸಾವಿರ ಗ್ರಾಂ, ಅಂದ್ರೆ 88.26 ಶೆಕೆಲ್. ಐವತ್ತು ಶೆಕೆಲ್‌ಗೆ ಒಂದು ಮಾನೆ ಅಂತ ಹಿಡಿದ್ರೆ ಒಂದು ಮಾನೆ, 38 ಶೆಕೆಲ್, ಮಿಕ್ಕಿದ್ದು ಐದು ಗೇರಾ. ಗೇರಾ ಅಂದ್ರೆ ಶೆಕೆಲ್‌ಗಿಂತ ಸಣ್ಣ ತೂಕ, ಇಲ್ಲಿ ಶೆಕೆಲ್‌ಗೆ 20 ಅಂತ ಹಿಡಿದಿದೀನಿ.

ಐವತ್ತೇ ಅಂತ ಗಟ್ಟಿಯಾಗಿ ಹೇಳೋಕಾಗಲ್ಲ. ಬೈಬಲಿನ ಯೆಹೆಜ್ಕೇಲ 45:12ರ ಹೀಬ್ರೂ ಪಾಠದಲ್ಲಿ 20, 25, 15 ಕೂಡಿಸಿ ಮಾನೆ ಅಂತಿದೆ. ಅಲ್ಲಿಗೆ ಅರವತ್ತು, ಬಾಬಿಲೋನಿನ ಲೆಕ್ಕ. ಎರಡೂ ನಡೀತಿತ್ತು. ಯಾವುದು ಹಿಡಿದ್ರಿ ಅಂತ ಪಕ್ಕದಲ್ಲಿ ಬರೀರಿ, ಇಲ್ಲಾಂದ್ರೆ ನಿಮ್ಮ ಉತ್ತರ ಇನ್ನೊಬ್ಬರಿಗೆ ಉಪಯೋಗಕ್ಕೆ ಬರಲ್ಲ.

ಮಾನೆಗಿಂತ ದೊಡ್ಡ ತೂಕ ತಲಾಂತು, ಅದಕ್ಕೆ ಮಾತ್ರ ಜಗಳ ಇಲ್ಲ. ವಿಮೋಚನಕಾಂಡ 38ರಲ್ಲೇ ಲೆಕ್ಕ ಇದೆ: 6,03,550 ಗಂಡಸರು ತಲಾ ಅರ್ಧ ಶೆಕೆಲ್ ಕೊಟ್ರು, ಒಟ್ಟು ನೂರು ತಲಾಂತು ಮತ್ತು 1,775 ಶೆಕೆಲ್ ಆಯ್ತು. ಅರ್ಧ ಮಾಡಿ, 1,775 ಕಳೀರಿ, ನೂರರಿಂದ ಭಾಗಿಸಿ. ಸರಿಯಾಗಿ 3,000 ಬರುತ್ತೆ. ಹಾಗಾಗಿ ತಲಾಂತು 34 ಕಿಲೋ. ಐವತ್ತು ಕಿಲೋ ಸಿಮೆಂಟ್ ಮೂಟೆ ಅಂದ್ರೆ ಒಂದು ತಲಾಂತು, 28 ಮಾನೆ, 13 ಶೆಕೆಲ್. ಮೂಟೆ ಎತ್ತಿ ತೋರಿಸೋ ಪ್ಲಾನ್ ಇಲ್ಲ, ಬಿಡಿ.

ಬಾಯಿಲೆಕ್ಕಕ್ಕೆ ನಮಗೊಂದು ಅನುಕೂಲ ಇದೆ, ತೊಲ. ಹಳೇ ತೊಲ 11.66 ಗ್ರಾಂ, ಶೆಕೆಲ್‌ಗಿಂತ ಮೂರು ಪರ್ಸೆಂಟ್ ಜಾಸ್ತಿ ಅಷ್ಟೇ. ಅಜ್ಜಿ ಕಾಲದ ತೊಲ ಗೊತ್ತಿರೋರಿಗೆ ಶೆಕೆಲ್ ಕೈಯಲ್ಲೇ ಇದ್ದಂಗೆ. ಆದ್ರೆ ಈಗ ಹತ್ತು ಗ್ರಾಮನ್ನೂ ತೊಲ ಅಂತಾರೆ. ಆ ತೊಲ ಹಿಡಿದ್ರೆ ಲೆಕ್ಕ ಕೆಟ್ಟಿತು.

ಈಗ ಚಿಲ್ಲರೆ. ಹತ್ತು ರೂಪಾಯಿ ನಾಣ್ಯ ಇಡ್ತಿದೀನಿ... 7.72. ಪೀಮ್ ಅಂತ ಕೆತ್ತಿರೋ ಕಲ್ಲುಗಳು ಸುಮಾರು 7.8 ಗ್ರಾಂ ತೂಗ್ತವೆ. ನೇಗಿಲಿನ ಗುಳ ಹರಿತ ಮಾಡಿಕೊಡೋಕೆ ಫಿಲಿಷ್ಟಿಯರು ತಗೋತಿದ್ದ ಕೂಲಿ ಇದು, 1 ಸಮುವೇಲ 13ರಲ್ಲಿ ಬರುತ್ತೆ. ಪೀಮ್ ಅಂದ್ರೆ ಶೆಕೆಲ್‌ನ ಮೂರರಲ್ಲಿ ಎರಡು ಭಾಗ ಅಂತ ಪುಸ್ತಕಗಳಲ್ಲಿರುತ್ತೆ. ಹಾಗೆ ಮಾಡಿದ್ರೆ 7.55 ಬರುತ್ತೆ, ಕಲ್ಲಿಗೆ ಕೂಡಲ್ಲ. ಬೆಕ ಅನ್ನೋ ತೂಕದ ಕಥೆನೂ ಹಾಗೇ. ಅದು ಅರ್ಧ ಶೆಕೆಲ್, ಲೆಕ್ಕದಲ್ಲಿ 5.67, ಸಿಗೋ ಕಲ್ಲುಗಳು ಆರು ಗ್ರಾಂ ಆಸುಪಾಸು. ಹಾಗಾಗಿ ಆ್ಯಪ್‌ಗಳು ನಾಲ್ಕು ದಶಾಂಶ ಸ್ಥಾನ ತೋರಿಸಿದ್ರೆ ನಂಬಬೇಡಿ. ಕಲ್ಲಿಗೇ ಇಲ್ಲದ ನಿಖರತೆ ಆ್ಯಪ್‌ಗೆ ಎಲ್ಲಿಂದ ಬರುತ್ತೆ?

ಅದಕ್ಕೇ 0.1 ಗ್ರಾಂ ತೋರಿಸೋ ತಕ್ಕಡಿ ಸಾಕು. ಅಲ್ಲ, ಸಾಲದು, ಗೇರಾ ಬಂತಲ್ಲ! ಶೆಕೆಲ್‌ಗೆ 20 ಗೇರಾ ಅಂತ ಬೈಬಲ್ ಹೇಳುತ್ತೆ, 0.57 ಗ್ರಾಂ. ಸಿಕ್ಕಿರೋ ಸಣ್ಣ ಕಲ್ಲುಗಳನ್ನ ನೋಡಿ 24 ಅನ್ನೋ ಸಂಶೋಧಕರಿದ್ದಾರೆ, 0.47. ಇವೆರಡನ್ನ ಬೇರೆ ಮಾಡೋಕೆ 0.01ರ ತಕ್ಕಡಿ ಬೇಕೇ ಬೇಕು.

ಈಗ ತಮಾಷೆ ನೋಡಿ. ಒಂದು ಗೇರಾ ತೂಗೋಕೆ ಹೆಸರುಕಾಳು ಒಂದೊಂದೇ ಹಾಕ್ತಿದೀನಿ. 0.00. ಇನ್ನೊಂದು, 0.00. ಮತ್ತೊಂದು... ಸೊನ್ನೆನೇ! ತಕ್ಕಡಿ ಕೆಟ್ಟಿಲ್ಲ. ಬಿಸಿಲು, ತೇವಕ್ಕೆ ಸೊನ್ನೆ ಜಾರದೇ ಇರ್ಲಿ ಅಂತ ಸೊನ್ನೆ ಹತ್ತಿರದ ಸಣ್ಣ ಬದಲಾವಣೆಯನ್ನ ಅದೇ ಅಳಿಸಿಬಿಡುತ್ತೆ. ಕಾಳು ನಿಧಾನಕ್ಕೆ ಬಿದ್ರೆ ಅದನ್ನೂ ಜಾರಿಕೆ ಅಂದ್ಕೊಳ್ಳುತ್ತೆ. ತಟ್ಟೆ ತುಂಬ ಕಾಳು, ತೂಕ ಮಾತ್ರ ಇಲ್ಲ! ಬಾಕ್ಸ್ ಮೇಲೆ ಇದನ್ನ ಒಂದು ಸಾಲು ಬರೆದಿದ್ರೆ ಗಂಟೇನು ಹೋಗ್ತಿತ್ತು? ಉಪಾಯ ಇದೆ. ಎಲ್ಲ ತೆಗೆದು ನಾಣ್ಯ ಇಡಿ. ಸೊನ್ನೆ ಮಾಡೋ ಬಟನ್ ಒತ್ತಬೇಡಿ, ಒತ್ತಿದ್ರೆ ಮತ್ತೆ ಅದೇ ಕಥೆ. 7.72 ಅಂತ ಬರ್ಕೊಂಡು, 8.29 ಬರೋವರೆಗೆ ಕಾಳು ಹಾಕಿ. ಅದು ಇಪ್ಪತ್ತರ ಗೇರಾ. 8.19ಕ್ಕೆ ನಿಲ್ಲಿಸಿದ್ರೆ ಇಪ್ಪತ್ತನಾಲ್ಕರದ್ದು. ಫ್ಯಾನ್ ಆಫ್ ಇರ್ಲಿ. ನಂಬಿಕೆ ಬರ್ಲಿಲ್ವಾ, ಇಪ್ಪತ್ತರ ಲೆಕ್ಕದ ಹತ್ತು ಗೇರಾ ಒಟ್ಟಿಗೆ ತೂಗಿ ನೋಡಿ, 5.67 ಬರಬೇಕು.

ಬೇಗ ಬೇಗ ಹೇಳ್ತೀನಿ, ಲೈಟ್ ಹೋಗ್ತಿದೆ. ಈ ಫೋಟೋ ನೋಡಿ. ಕಲ್ಲಿನ ಮೇಲೆ ಹತ್ತು ಅನ್ನೋ ಗುರುತಿದೆ, ಅದು ಈಜಿಪ್ಟಿನ ಅಂಕಿ. ಆದ್ರೆ ಕಲ್ಲು 90 ಗ್ರಾಂ ಚಿಲ್ಲರೆ, ಅಂದ್ರೆ ಎಂಟು ಶೆಕೆಲ್. ಈಜಿಪ್ಟಿನ ತೂಕದಲ್ಲಿ ಹತ್ತು ಕೆದೆತ್ ಅಂದ್ರೆ ಒಂದು ದೆಬೆನ್, ಸುಮಾರು 91 ಗ್ರಾಂ. ಅದಕ್ಕೆ ಹೊಂದಿಸಿದ ಗುರುತು ಅನ್ನೋದು ಒಂದು ವಿವರಣೆ. ನಾಲ್ಕು ಶೆಕೆಲ್ ಕಲ್ಲಿನ ಮೇಲೆ ಐದರ ಗುರುತಿರುತ್ತೆ. ಗುರುತು ಓದಿ ಗುಣಿಸಬೇಡಿ, ತೂಗಿ.

ಯೇಸುವಿನ ಕಾಲದ ಲೆಕ್ಕಕ್ಕೂ 11.33 ತರಬೇಡಿ. ಆಗ ದೇವಾಲಯದ ತೆರಿಗೆಗೆ ತೂರ್ ಪಟ್ಟಣದ ಬೆಳ್ಳಿ ನಾಣ್ಯ, ಅದರ ಶೆಕೆಲ್ 14 ಗ್ರಾಂ ಹತ್ತಿರ.

ಕೊನೇದು ಬೈಬಲಿನ ದೈತ್ಯ ಗೊಲ್ಯಾತನ ಕವಚ, 5,000 ಶೆಕೆಲ್. ಗುಣಿಸಿದ್ರೆ 56.65 ಕಿಲೋ, ನೀವು 57 ಅಂತ ಬರೀರಿ. ಈಟಿಯ ಮೊನೆ 600 ಶೆಕೆಲ್, 6.8 ಕಿಲೋ. ತೊಲದಲ್ಲಿ ಹಿಡಿದಿದ್ರೆ ಕವಚಕ್ಕೆ ಒಂದೂವರೆ ಕಿಲೋ ಮೇಲೆ ಜಾಸ್ತಿ ಬರ್ತಿತ್ತು, ಅಷ್ಟು ದೊಡ್ಡ ತೂಕಕ್ಕೆ ಬಾಯಿಲೆಕ್ಕ ಬೇಡ.